ಕಣ್ಣಿನ ಪೊರೆ ಆಪರೇಷನ್: ಔಷಧದ ಬಿಲ್ ಹೀಗೆ ಮಾಡಿಸಿಕೊಳ್ಳಿ

ಕುಮಟಾದ ಒಂದು ಮೆಡಿಕಲ್ ಶಾಪಿನಲ್ಲಿ ಒಂಬತ್ತು ವರ್ಷದಿಂದ ಬಿಲ್ ಮಾಡುತ್ತಿದ್ದೇನೆ. ಆದರೂ ನಮ್ಮ ಆಯಿಯ ಪೊರೆ ಆಪರೇಷನ್ ಆದಾಗ ನಾನು ಬಿಲ್ ಸರಿಯಾಗಿ ನೋಡಲಿಲ್ಲ. 'ಔಷಧ 3,400 ರೂಪಾಯಿ' ಅಂತ ಒಂದೇ ಸಾಲು ಇತ್ತು. ವಿವರ ಇಲ್ಲ ಅಂತ ಇನ್ಶೂರೆನ್ಸಿನವರು ಅಷ್ಟನ್ನೂ ತಡೆದರು. ಹೊಸ ಬಿಲ್ಲಿಗಾಗಿ ಜೋರು ಮಳೆಯಲ್ಲಿ ಎರಡು ಸಲ ಬಸ್ ಹತ್ತಿದೆ.

ಅದಕ್ಕೇ ಹೇಳುತ್ತೇನೆ, ಆಪರೇಷನ್ನಿಗೆ ಮೊದಲೇ ಕೇಳಿ: ಪ್ಯಾಕೇಜಿನಲ್ಲಿ, ಅಂದರೆ ಆಸ್ಪತ್ರೆ ಹೇಳುವ ಒಟ್ಟು ದರದಲ್ಲಿ, ಯಾವ ಔಷಧ ಸೇರಿದೆ? ಪಾಪೆ ಅಗಲ ಮಾಡುವ ಟ್ರೋಪಿಕಮೈಡ್ ಹನಿ, ಕಣ್ಣು ಮರಗಟ್ಟಿಸುವ ಪ್ರೊಪರಕೈನ್ ಹನಿ ಇಲ್ಲವೇ ಲಿಗ್ನೊಕೈನ್ ಇಂಜೆಕ್ಷನ್, ಕಣ್ಣು ಶುಚಿ ಮಾಡುವ ಪೊವಿಡೋನ್ ಅಯೋಡಿನ್, ಕಣ್ಣೊಳಗೆ ತುಂಬುವ ವಿಸ್ಕೊ ಜೆಲ್, ಸೋಂಕು ತಡೆಯುವ ಮಾಕ್ಸಿಫ್ಲಾಕ್ಸಸಿನ್. ಸಾಮಾನ್ಯವಾಗಿ ಬಳಸುವುದು ಇಂಥವೇ. ಪ್ಯಾಕೇಜಿನಲ್ಲಿ ಇದ್ದದ್ದಕ್ಕೆ ಮತ್ತೆ ದುಡ್ಡು ಕೊಡಬಾರದು, ಅಲ್ವಾ? ಬೇರೆ ಬಿಲ್ ಆದರೆ ಒಂದೊಂದು ಔಷಧದ ಹೆಸರು, ಎಷ್ಟು, ಬ್ಯಾಚ್ ನಂಬರ್, ಎಕ್ಸ್‌ಪೈರಿ, ಬೆಲೆ ಎಲ್ಲ ಸಾಲು ಸಾಲಾಗಿ ಇರಲಿ. ಒಂದೇ ಬಾಟಲಿಯ ಹನಿಯನ್ನು ಹಲವರಿಗೆ ಹಾಕುವುದು ಉಂಟು. ಪೂರ್ತಿ ಬಾಟಲಿಯ ಬೆಲೆ ನಿಮ್ಮ ಬಿಲ್ಲಿಗೇ ಬಿದ್ದಿದ್ದರೆ ವಿಚಾರಿಸಿ. ಸಂಕೋಚ ಬೇಡ, ಕೇಳುವುದು ಜಗಳ ಅಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕಣ್ಣಿನ ಮೇಲೆ ಇಡುವ ಐ ಪ್ಯಾಡ್, ಕಣ್ಣು ಕಾಯುವ ಐ ಶೀಲ್ಡ್, ಆಪರೇಷನ್ ವೇಳೆ ಹೊದಿಸುವ ಐ ಡ್ರೇಪ್, ಐ ಕಿಟ್ ಇವೆಲ್ಲ ಆಪರೇಷನ್ ಶುಲ್ಕದೊಳಗೇ ಸೇರಬೇಕು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಐಆರ್‌ಡಿಎಐ ಪಟ್ಟಿಯಲ್ಲಿದೆ. ಬೇರೆ ಸಾಲಿನಲ್ಲಿ ಬರೆದರೆ ಆ ಹಣ ನಮ್ಮ ಕೈಯಿಂದಲೇ ಹೋಗುತ್ತದೆ. ಕಣ್ಣೊಳಗೆ ಕೂರಿಸಿದ ಲೆನ್ಸಿನ ವಿವರ ಇರುವ ಸ್ಟಿಕ್ಕರ್ ಕೂಡ ಮರೆಯದೆ ಇಸಿದುಕೊಳ್ಳಿ.

ಮನೆಗೆ ಬಂದ ಮೇಲಿನ ಹನಿಗಳ ಬಿಲ್ಲನ್ನು ನಮ್ಮ ಗಿರಾಕಿಗಳು ಸುಮ್ನೆ ಎಸೆದುಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಲ್ಕರಿಂದ ಆರು ವಾರ ಹಾಕುವ ಹನಿ, ಖರ್ಚು ಕಡಿಮೆ ಅಲ್ಲ. ಆರೋಗ್ಯ ಸಂಜೀವನಿ ಅನ್ನುವ ಆರೋಗ್ಯ ವಿಮೆ ಪಾಲಿಸಿಯಲ್ಲಿ ಆಸ್ಪತ್ರೆ ಸೇರುವ ಮೊದಲಿನ 30 ದಿನ, ಬಿಟ್ಟ ಮೇಲಿನ 60 ದಿನದ ಖರ್ಚಿಗೂ ಅವಕಾಶ ಇದೆ. ಪೊರೆಗೆ ಮಾತ್ರ ಮಿತಿ ಉಂಟು: ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅದು. ನಿಮ್ಮದು ಬೇರೆ ಪಾಲಿಸಿ ಆದರೆ ಅದರ ಮಿತಿಯನ್ನು ಓದಿಕೊಳ್ಳಿ.

ಪ್ರತಿ ಬಿಲ್ಲಿಗೂ ಡಾಕ್ಟರ ಚೀಟಿ ಜೊತೆಗಿರಲಿ. ಹೆಸರು ಪಾಲಿಸಿಯಲ್ಲಿ ಇದ್ದಂತೆಯೇ ಬರೆಸಿ. ಮೆಷಿನ್ನಿನಿಂದ ಬರುವ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಅಸಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ನಮ್ಮ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಥಂಡಿ ಹಿಡಿಯುತ್ತದೆ.