ಹಳೆಯ ಫೈಬರ್ ದೋಣಿಗೆ ಮತ್ತೆ ಹೊಳಪು

ನಿಮ್ಮ ದೋಣಿಯ ಹೊರಮೈಯನ್ನು ಅಂಗೈಯಿಂದ ಒಮ್ಮೆ ಒತ್ತಿ ಸವರಿ ನೋಡಿ. ಪಾಠ ಮುಗಿಸಿ ಹೊರಬಂದ ಮೇಷ್ಟ್ರ ಕೈಯಂತೆ ಅಂಗೈ ಪುಡಿಪುಡಿಯಾದರೆ, ಈ ಲೇಖನ ನಿಮಗಾಗಿಯೇ.

ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯಲ್ಲಿ ನಮ್ಮ ದೋಣಿಯಿದೆ. ಇಪ್ಪತ್ತೆರಡು ಅಡಿ ಉದ್ದ, ಕಡುನೀಲಿ ಬಣ್ಣ. ಅಪ್ಪ ಕೊಂಡಾಗ ದೋಣಿಯ ಮೈಯಲ್ಲಿ ದಡದ ತೆಂಗಿನಮರಗಳ ನೆರಳು ಕಾಣಿಸುತ್ತಿತ್ತು. ಬಿಸಿಲು ಮತ್ತು ಉಪ್ಪುಗಾಳಿಗೆ ಅದು ವರ್ಷದಿಂದ ವರ್ಷಕ್ಕೆ ಬೂದಿ ಬಳಿದಂತಾಯಿತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ‘ಎನಾಮಲ್ ಪೇಂಟ್ ಹೊಡೆದುಬಿಡಿ.’ ನಾನು ಹೊಡೆಯಲಿಲ್ಲ. ಪುಡಿ ಏಳುತ್ತಿರುವ ಮೈಗೆ ಪೇಂಟ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಹಪ್ಪಳದಂತೆ ಏಳುತ್ತದೆ. ಅದಕ್ಕಿಂತ ಮುಖ್ಯವಾಗಿ, ದೋಣಿಯ ನಿಜವಾದ ಬಣ್ಣ ಆ ಬೂದಿಯ ಕೆಳಗೆ ಹಾಗೆಯೇ ಇರುತ್ತದೆ.

ಫೈಬರ್ ದೋಣಿಯನ್ನು ಹೊರಗಿನಿಂದ ಒಳಕ್ಕೆ ಕಟ್ಟುತ್ತಾರೆ. ಅಚ್ಚಿನೊಳಗೆ ಮೊದಲು ಬಣ್ಣ ಬೆರೆಸಿದ ರಾಳವನ್ನು ಹಚ್ಚುತ್ತಾರೆ. ಇದೇ ಜೆಲ್‌ಕೋಟ್. ಅದರ ಮೇಲೆ ಗಾಜಿನ ನಾರಿನ ಚಾಪೆಗಳನ್ನು ರಾಳದಲ್ಲಿ ನೆನೆಸಿ ಪದರ ಪದರವಾಗಿ ಕೂರಿಸುತ್ತಾರೆ. ಅಚ್ಚಿನಿಂದ ಬಿಡಿಸಿದಾಗ ಮೊದಲು ಹಚ್ಚಿದ್ದೇ ಹೊರಗೆ ಬರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಈ ಪದರದ ಮೇಲ್ಮೈಯ ರಾಳವನ್ನು ಒಡೆಯುತ್ತವೆ, ಬಣ್ಣದ ಕಣಗಳು ಹಿಡಿತ ತಪ್ಪಿ ಪುಡಿಯಾಗುತ್ತವೆ. ಒರಟಾದ ಮೈ ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುವುದರಿಂದ ನಮಗೆ ಕಾಣುವುದು ಮಂಕು. ಒಂದು ಚೊಂಬು ನೀರು ಎರಚಿ ನೋಡಿ. ನೀರು ಆ ಒರಟನ್ನು ತುಂಬಿದ ಕೂಡಲೇ ಹಳೆಯ ಬಣ್ಣ ಮಿಂಚಿ, ಆರಿದೊಡನೆ ಮತ್ತೆ ಮಾಯವಾಗುತ್ತದೆ. ಮುಂದಿನ ಕೆಲಸವೆಲ್ಲ ಆ ಒದ್ದೆ ಬಣ್ಣವನ್ನು ಒಣಗಿದ ಮೇಲೂ ಉಳಿಸುವುದಕ್ಕಾಗಿ.

ಆದರೆ ಜೆಲ್‌ಕೋಟ್‌ನ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ. ಪ್ರತಿ ಸಲ ಉಜ್ಜಿದಾಗಲೂ ಆ ಇಡುಗಂಟಿನಿಂದ ಸ್ವಲ್ಪ ಖರ್ಚಾಗುತ್ತದೆ, ಹಿಂದಿರುಗಿ ಬರುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮೃದುವಾದ ಉಪಾಯವನ್ನು ಮೊದಲು ಮಾಡಬೇಕು. ಅದು ಸಾಲದಿದ್ದರೆ ಮಾತ್ರ ಮುಂದಿನದು.

ಯಾವಾಗ ಮಾಡಬೇಕು

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. ದುರಸ್ತಿಗೆ ಇದೇ ಬಿಡುವು ಎಂದು ಅನಿಸುವುದು ಸಹಜ. ತೊಳೆಯಲು, ಬಿರುಕು ಹುಡುಕಲು ಅದು ಒಳ್ಳೆಯ ಸಮಯವೇ. ಹೊಳಪಿನ ಕೆಲಸಕ್ಕೆ ಮಾತ್ರ ಒಣಹವೆ ಬೇಕು. ಮಳೆಗಾಲದ ತೇವದಲ್ಲಿ ಮೇಣ ಆರುವುದಿಲ್ಲ, ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲ. ನಾನು ಅಕ್ಟೋಬರ್ ಕಳೆದ ಮೇಲೆ ಶುರುಮಾಡುತ್ತೇನೆ, ಅದೂ ಬೆಳಗ್ಗೆ ಏಳರಿಂದ ಹತ್ತರವರೆಗೆ, ಚಪ್ಪರದ ನೆರಳಿನಲ್ಲಿ. ಬಿಸಿಲಿಗೆ ಕಾದ ಮೈಮೇಲೆ ರಬ್ಬಿಂಗ್ ಕಾಂಪೌಂಡ್, ಅಂದರೆ ಮೈಯನ್ನು ಉಜ್ಜಿ ನಯಗೊಳಿಸುವ ಪೇಸ್ಟ್, ಹಚ್ಚಿದ ಕ್ಷಣದಲ್ಲೇ ಒಣಗಿ ಕಚ್ಚಿಕೊಳ್ಳುತ್ತದೆ.

ತೊಳೆಯುವುದು, ಪರೀಕ್ಷಿಸುವುದು

ಕಾರು ತೊಳೆಯುವ ಶ್ಯಾಂಪೂ, ಮೆತ್ತನೆಯ ಬಟ್ಟೆ, ಧಾರಾಳ ಸಿಹಿನೀರು. ನಮ್ಮ ಕಡೆಯ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ, ಬಿಳಿ ದೋಣಿಯ ಮೇಲೆ ಆರಿದರೆ ಕಂದು ಕಲೆ ಬಿಡುತ್ತದೆ. ಹಾಗಾಗಿ ತೊಳೆದ ಮೇಲೆ ಒರೆಸಿ ಒಣಗಿಸಿ.

ನೀರಿನ ಮಟ್ಟದಲ್ಲಿ ಹಳದಿ ಪಟ್ಟಿ, ಬೋಲ್ಟುಗಳ ಕೆಳಗೆ ತುಕ್ಕಿನ ಗೀರು ಇದ್ದರೆ ಉಜ್ಜಿ ತೆಗೆಯಲು ಹೋಗಬೇಡಿ. ಅದಕ್ಕೆ ಆಕ್ಸಾಲಿಕ್ ಆಮ್ಲವಿದೆ. ಅಜ್ಜಿಯಂದಿರು ಹಿತ್ತಾಳೆ ದೀಪ ತಿಕ್ಕುವ ಬಿಂಬುಳಿಯಲ್ಲಿರುವುದೂ ಇದೇ ಆಮ್ಲ. ಮೊಸಾಯಿಕ್ ನೆಲಕ್ಕೆ ಪಾಲಿಶ್ ಮಾಡುವವರು ಬಳಸುವ ಪುಡಿಯೂ ಇದೇ. ನೀರಿನಲ್ಲಿ ಕರಗಿಸಿ ಬಟ್ಟೆಯಿಂದ ಹಚ್ಚಿ, ಕೆಲವು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು, ಮಕ್ಕಳನ್ನು ದೂರವಿಡಿ.

ಈಗ ಒಂದು ಪರೀಕ್ಷೆ. ಹಳೆಯ ದೋಣಿ ಕೊಂಡವರಿಗೆ ಹೊರಗಿರುವುದು ಜೆಲ್‌ಕೋಟೋ ಯಾರೋ ಹೊಡೆದ ಪೇಂಟೋ ತಿಳಿದಿರುವುದಿಲ್ಲ. ಮರೆಯಾದ ಮೂಲೆಯಲ್ಲಿ ತಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿ. ಮೈ ಮೆತ್ತಗಾಗಿ ಅಂಟಂಟಾಗಿ ಎದ್ದರೆ ಅದು ಎನಾಮಲ್, ಕೆಳಗೆ ಹೇಳುವ ಕೆಲಸ ಅದಕ್ಕೆ ಹೊಂದುವುದಿಲ್ಲ. ಸ್ವಲ್ಪ ಪುಡಿ ಮಾತ್ರ ಬಂದು ಮೈ ಗಟ್ಟಿಯಾಗಿ ಉಳಿದರೆ ಬಹುಮಟ್ಟಿಗೆ ಜೆಲ್‌ಕೋಟ್. ಅದೇ ತಿನ್ನರಿನಿಂದ ಇಡೀ ಮೈಯನ್ನು ಒರೆಸಿ ಹಳೆಯ ಮೇಣವನ್ನು ತೆಗೆಯಿರಿ, ಹತ್ತಿರದಲ್ಲಿ ಬೆಂಕಿ, ಬೀಡಿ ಏನೂ ಇರಬಾರದು. ದಕ್ಕೆಯ ಟಯರುಗಳು ಬಿಟ್ಟ ಕಪ್ಪು ಗೀರುಗಳೂ ಇದರಲ್ಲೇ ಹೋಗುತ್ತವೆ.

ಸಣ್ಣ ಬಿರುಕುಗಳಿದ್ದರೆ ಅದೇ ಬಣ್ಣದ ಜೆಲ್‌ಕೋಟ್‌ಗೆ ಗಟ್ಟಿಕಾರಕವನ್ನು ಡಬ್ಬದ ಮೇಲೆ ಹೇಳಿದಷ್ಟೇ ಬೆರೆಸಿ ತುಂಬಿ. ಗಾಳಿಗೆ ತೆರೆದಿದ್ದರೆ ಅದರ ಮೇಲ್ಮೈ ಅಂಟಾಗಿಯೇ ಉಳಿಯುತ್ತದೆ, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಮುಚ್ಚಿ. ತಳದಲ್ಲಿ ಬೊಕ್ಕೆಗಳೆದ್ದಿದ್ದರೆ ದೋಣಿ ಕಟ್ಟುವವರಿಗೇ ತೋರಿಸಿ.

ಉಜ್ಜುವುದು

ಮೊದಲು ಎರಡಡಿ ಚೌಕದ ಒಂದು ಜಾಗದಲ್ಲಿ ರಬ್ಬಿಂಗ್ ಕಾಂಪೌಂಡ್ ಮಾತ್ರ ಹಾಕಿ ನೋಡಿ. ಹೊಳಪು ಬಂದರೆ ವಾಟರ್ ಪೇಪರನ್ನು (ಒದ್ದೆಯಾಗಿ ಉಜ್ಜುವ ಮರಳುಕಾಗದ) ಮುಟ್ಟಲೇಬೇಡಿ. ಬಾರದಿದ್ದರೆ 1000ದ ಪೇಪರಿನಿಂದ ಆರಂಭಿಸಿ 1500, ಆಮೇಲೆ 2000; ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನಯ. ತೀರಾ ಹದಗೆಟ್ಟಿದ್ದರೆ ಮಾತ್ರ 800.

ಪೇಪರನ್ನು ಮೆತ್ತನೆಯ ರಬ್ಬರ್ ತುಂಡಿಗೆ ಸುತ್ತಿ, ಬಕೆಟ್ಟಿನ ನೀರಿಗೆ ಎರಡು ಹನಿ ಶ್ಯಾಂಪೂ ಬೆರೆಸಿ, ಒದ್ದೆಯಾಗಿಯೇ ಉಜ್ಜಬೇಕು. ಬೆರಳ ತುದಿಯಿಂದ ಒತ್ತಿದರೆ ಬೆರಳಿನ ಅಗಲದ ತಗ್ಗು ಬೀಳುತ್ತದೆ. ನಮ್ಮ ದೋಣಿಯಲ್ಲಿ ಮೊದಲು ಇಳಿದದ್ದು ಮಜ್ಜಿಗೆಯಂತಹ ಬೂದುಬಿಳಿ ನೀರು. ಉಜ್ಜುತ್ತ ಹೋದಂತೆ ಅದಕ್ಕೆ ನೀಲಿ ಏರಿತು, ಕೊನೆಗೆ ಬಟ್ಟೆಗೆ ಹಾಕುವ ನೀಲಿಯ ನೀರಿನಂತಾಯಿತು. ಸತ್ತ ಪದರ ಮುಗಿದು ಜೀವಂತ ಬಣ್ಣ ಸಿಕ್ಕಿದೆ ಎಂಬುದರ ಗುರುತು ಅದು. ಅಲ್ಲಿಗೆ ನಿಲ್ಲಿಸಬೇಕು. 1000ದಲ್ಲಿ ಅಡ್ಡಕ್ಕೆ ಉಜ್ಜಿದ್ದರೆ 1500ರಲ್ಲಿ ಉದ್ದಕ್ಕೆ ಉಜ್ಜಿ, ಹಿಂದಿನ ಗೀರು ಉಳಿದಿದ್ದರೆ ಥಟ್ಟನೆ ಕಾಣುತ್ತದೆ. ಪ್ರತಿ ಪೇಪರಿನ ನಂತರ ಮೈಯನ್ನೂ ತೊಳೆಯಿರಿ, ಬಕೆಟ್ಟಿನ ನೀರನ್ನೂ ಬದಲಿಸಿ. ಹಳೆಯ ಪೇಪರಿನ ಒಂದೇ ಒಂದು ಕಣ ಉಳಿದರೂ ಮುಂದಿನ ಗಂಟೆಯ ಶ್ರಮವೆಲ್ಲ ಹಾಳು.

ಕಾಂಪೌಂಡ್‌ಗೆ ವೇಗ ಹೊಂದಿಸಬಹುದಾದ ಬಫಿಂಗ್ ಯಂತ್ರ, ಉಣ್ಣೆಯ ಪ್ಯಾಡ್ ಬೇಕು. ಕಾಂಪೌಂಡನ್ನು ಮೈಮೇಲೆ ಹರಡಿ, ಯಂತ್ರವನ್ನು ನಿಧಾನವಾಗಿ ಆರಂಭಿಸಿ, ನಿಮಿಷಕ್ಕೆ ಸುಮಾರು 1500 ಸುತ್ತಿನೊಳಗೆ ಇರಿಸಿ. ಒಂದೇ ಕಡೆ ನಿಲ್ಲಿಸಬೇಡಿ. ಮೊದಲ ಸಲ ಮಾಡುವಾಗ ನಾನು ಅವಸರಕ್ಕೆ ಯಂತ್ರವನ್ನು ಒತ್ತಿ ಹಿಡಿದು, ಮೂತಿಯ ಅಂಚಿನಲ್ಲಿ ಜೆಲ್‌ಕೋಟ್ ಪೂರ್ತಿ ಸವೆದು ನಾರಿನ ನೇಯ್ಗೆ ಕಾಣಿಸಿತು. ಅಂಚುಗಳಲ್ಲಿ ಪದರ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡವೆಲ್ಲ ಅಲ್ಲಿಗೇ ಬೀಳುತ್ತದೆ. ಆಮೇಲೆ ಕಾರುಗಳಿಗೆ ಬಣ್ಣ ಹೊಡೆಯುವ ಹಿರಿಯರೊಬ್ಬರು ಕೈಹಿಡಿದು ಕಲಿಸಿದರು: ‘ಒತ್ತಬೇಡಿ ಮಾರಾಯರೇ, ಮೆಷಿನಿನ ಭಾರವೇ ಸಾಕು.’ ಈಗ ಅಂಚುಗಳಿಗೆಲ್ಲ ಮೊದಲೇ ಟೇಪ್ ಅಂಟಿಸಿ, ಕೊನೆಯಲ್ಲಿ ಟೇಪ್ ಕಿತ್ತು ಆ ಜಾಗವನ್ನು ಕೈಯಿಂದಲೇ ಉಜ್ಜುತ್ತೇನೆ.

ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಿಂತು ವಿದ್ಯುತ್ ಯಂತ್ರ ಹಿಡಿಯುವುದನ್ನು ನಮ್ಮ ದಡದಲ್ಲಿ ದಿನವೂ ನೋಡುತ್ತೇನೆ, ಎದೆ ಝಲ್ಲೆನ್ನುತ್ತದೆ. ರಬ್ಬರ್ ಚಪ್ಪಲಿ, ಒಣ ಹಲಗೆ, ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಇಎಲ್‌ಸಿಬಿ ಇರುವ ಸಂಪರ್ಕ: ಈ ಮೂರೂ ಇಲ್ಲದೆ ಸ್ವಿಚ್ ಹಾಕಬೇಡಿ. ಮೂಗಿಗೆ ಮಾಸ್ಕ್ ಇರಲಿ. ತಳದಲ್ಲಿ ಚಿಪ್ಪು ಕಟ್ಟದಂತೆ ಹಚ್ಚಿದ ಹಳೆಯ ಬಣ್ಣವನ್ನು ಒಣಗಿರುವಾಗ ಉಜ್ಜಲೇಬೇಡಿ, ಅದರ ಧೂಳು ವಿಷ.

ಕಾಂಪೌಂಡ್ ಆದ ಮೇಲೆ ಸ್ಪಂಜಿನ ಪ್ಯಾಡಿನಲ್ಲಿ ನಯವಾದ ಪಾಲಿಶ್. ಸಂಜೆ ಟ್ಯೂಬ್‌ಲೈಟ್ ಹಿಡಿದು ಓರೆಯಾಗಿ ನೋಡಿ. ದೀಪದ ಬಿಂಬದ ಅಂಚು ಚೂಪಾಗಿ ಕಂಡರೆ ಕೆಲಸ ಸರಿಯಾಗಿದೆ, ಮಸುಕಾಗಿದ್ದರೆ ಅಲ್ಲಿ ಇನ್ನೊಂದು ಸುತ್ತು.

ಮೇಣ ಮತ್ತು ಆರೈಕೆ

ಪಾಲಿಶ್ ಮಾಡಿದ ಮೈಯನ್ನು ಹಾಗೆಯೇ ಬಿಟ್ಟರೆ ಬಿಸಿಲು ಮತ್ತೆ ಅದೇ ಕೆಲಸ ಆರಂಭಿಸುತ್ತದೆ. ದೋಣಿಗೆಂದೇ ಮಾರುವ ಮೇಣ ಉತ್ತಮ, ಸಿಗದಿದ್ದರೆ ಬ್ರೆಜಿಲ್‌ನ ತಾಳೆಜಾತಿಯ ಮರದೆಲೆಯಿಂದ ಬರುವ ಕಾರ್ನೌಬಾ ಮೇಣವಿರುವ ಕಾರಿನ ವ್ಯಾಕ್ಸ್ ಆದೀತು. ದಪ್ಪ ಒಂದು ಪದರಕ್ಕಿಂತ ತೆಳುವಾದ ಎರಡು ಪದರ ಮೇಲು. ಮಂಜು ಕಟ್ಟಿದಂತೆ ಆರಿದ ಮೇಲೆ ಒರೆಸಿ. ಕಾಲಿಡುವ ಕಡೆ ಹಚ್ಚಿದರೆ ಜಾರಿ ಬೀಳುತ್ತೀರಿ. ಸದಾ ನೀರಿನಲ್ಲೇ ಇರುವ ದೋಣಿಯ ತಳಕ್ಕೆ ಮೇಣ ಬೇಡ, ಚಿಪ್ಪು ತಡೆಯುವ ಬಣ್ಣವೇ ಬೇಕು.

ವರ್ಷಕ್ಕೆ ಕಡಿಮೆಯೆಂದರೂ ಎರಡು ಸಲ, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಮತ್ತು ಮಳೆ ಮುಗಿದ ಮೇಲೆ, ಮೇಣ ಹಚ್ಚಬೇಕು. ದಿನವಿಡೀ ಬಿಸಿಲಲ್ಲಿ ನಿಲ್ಲುವ ಕಡುಬಣ್ಣದ ದೋಣಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ. ನೀರು ಎರಚಿದಾಗ ಕೆಸುವಿನ ಎಲೆಯ ಮೇಲಿನಂತೆ ಮುತ್ತುಗಟ್ಟಿದರೆ ಮೇಣ ಇದೆ, ಹಾಳೆಯಂತೆ ಹರಡಿ ನಿಂತರೆ ಮುಗಿದಿದೆ.

ಪ್ರತಿ ಸಲ ನೀರಿನಿಂದ ಬಂದ ಮೇಲೆ ಸಿಹಿನೀರು ಹಾಯಿಸಿ. ಮೀನಿನ ರಕ್ತ, ಹಕ್ಕಿಯ ಹಿಕ್ಕೆ ಒಣಗುವ ಮೊದಲೇ ಹೋಗಲಿ. ತೆಂಗಿನ ನಾರು, ಬೂದಿ, ಪಾತ್ರೆ ತಿಕ್ಕುವ ಹಸಿರು ಪ್ಯಾಡ್ ಮೈಯನ್ನು ಗೀರುತ್ತವೆ, ಬಟ್ಟೆ ಸೋಪಿನ ಪುಡಿ ಮೇಣವನ್ನೇ ಕಿತ್ತು ತೆಗೆಯುತ್ತದೆ. ಟಾರ್ಪಾಲನ್ನು ಮೈಗೆ ತಾಗುವಂತೆ ಬಿಗಿಯಬೇಡಿ. ಗಾಳಿಗೆ ಅದು ಉಜ್ಜಿಕೊಂಡು ಪೇಪರಿನ ಕೆಲಸವನ್ನೇ ಮಾಡುತ್ತದೆ, ಒಳಗೆ ತೇವವೂ ನಿಲ್ಲುತ್ತದೆ. ಬಿದಿರಿನ ಗಳುವಿನ ಮೇಲೆ ಎತ್ತರದಲ್ಲಿ ಹೊದಿಸಿ.

ಎಲ್ಲೆಡೆ ನಾರಿನ ನೇಯ್ಗೆ ಕಾಣುತ್ತಿರುವ ದೋಣಿಗೆ ಈ ದಾರಿ ಮುಗಿದಿದೆ. ಅದಕ್ಕೆ ಪ್ರೈಮರ್ ಹಾಕಿ ಎರಡು ಡಬ್ಬ ಬೆರೆಸುವ ಪಾಲಿಯುರೆಥೇನ್ ಬಣ್ಣ ಹೊಡೆಸುವುದೇ ಸರಿ, ಅದು ಪರಿಣತರ ಕೆಲಸ. ನಮ್ಮ ದೋಣಿಯ ಮೂತಿಯ ಆ ಸವೆದ ತುಣುಕನ್ನು ಜೆಲ್‌ಕೋಟ್ ತುಂಬಿ ಸರಿಪಡಿಸಿದ್ದೇನೆ, ಬಣ್ಣ ಒಂದು ಎಳೆ ತಿಳಿಯಾಗಿದೆ. ಉಳಿದ ಮೈಗೆ ಈ ವರ್ಷ ಯಂತ್ರ ಹೊರತೆಗೆಯಬೇಕಾಗಲಿಲ್ಲ. ಒಂದು ಡಬ್ಬ ಮೇಣ, ಹಳೆಯ ಬನಿಯನ್ ಬಟ್ಟೆ, ಒಂದು ಬೆಳಗು ಸಾಕಾಯಿತು.