ಕಪ್ಪು ತಾಯಂದಿರ ಜೊತೆ ಡೂಲಾ ಕೆಲಸ: ನಾನು ಮಾಡುವ ರೀತಿ

ಡೂಲಾ ಎಂದರೆ ಸೂಲಗಿತ್ತಿಯಲ್ಲ. ಮಗು ಹಿಡಿಯುವುದು, ಒಳಪರೀಕ್ಷೆ, ಔಷಧ ಯಾವುದೂ ನನ್ನದಲ್ಲ. ನೋವು ಶುರುವಾದಾಗಿನಿಂದ ಪಕ್ಕದಲ್ಲಿರುತ್ತೇನೆ, ಸೊಂಟ ಒತ್ತುತ್ತೇನೆ, ತಾಯಿಯ ಮಾತು ಗಾಳಿಗೆ ಹೋಗದಂತೆ ನೋಡಿಕೊಳ್ಳುತ್ತೇನೆ. ಅಮೆರಿಕದಲ್ಲಿ ಕಪ್ಪು ಸಮುದಾಯದ ತಾಯಂದಿರನ್ನೇ ಆರಿಸಿಕೊಂಡಿದ್ದು ಈ ಮೂರನೆಯದಕ್ಕಾಗಿ. 2023ರಲ್ಲಿ ಇಲ್ಲಿ 1 ಲಕ್ಷ ಜನನಕ್ಕೆ ತಾಯಂದಿರ ಸಾವು ಬಿಳಿಯರಲ್ಲಿ 14.5, ಕಪ್ಪು ಜನರಲ್ಲಿ 50.3. ದುಡ್ಡು, ಹೆಸರು ಇದ್ದರೂ ತಪ್ಪಿದ್ದಲ್ಲ: 2017ರಲ್ಲಿ ಹೆರಿಗೆಯಾದ ಮೇಲೆ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಉಸಿರು ಕಟ್ಟುತ್ತಿದೆ ಎಂದು ಹೇಳಿ, ಒತ್ತಾಯ ಮಾಡಿ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಳ್ಳಬೇಕಾಯಿತು. ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಹೆರಿಗೆ ಕೋಣೆಯಲ್ಲಿ ನನ್ನ ಮುಖ್ಯ ಸಾಮಾನು ಒಂದು ನೋಟ್‌ಬುಕ್. ಎಡಕ್ಕೆ ಗಂಟೆ, ಬಲಕ್ಕೆ ತಾಯಿ ಆಡಿದ ಮಾತು, ಆಡಿದ ಹಾಗೇ. ‘2.10: ತಲೆ ಸಿಡೀತಿದೆ, ಕಣ್ಮುಂದೆ ಚುಕ್ಕಿ. 2.12: ನರ್ಸ್‌ಗೆ ಹೇಳಿದೆವು. ಬಂದು ನೋಡಿದ್ದು:’ ಎಂದು ಬರೆದು ಜಾಗ ಬಿಡುತ್ತೇನೆ. ಇಂಥ ತಲೆನೋವು, ಚುಕ್ಕಿ ಬಿ.ಪಿ. ಏರಿದ ಸೂಚನೆಯಿರಬಹುದು. ಬಿ.ಪಿ.ಯ ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿ 15 ನಿಮಿಷ ಇಳಿಯದಿದ್ದರೆ 30ರಿಂದ 60 ನಿಮಿಷದೊಳಗೆ ಔಷಧ ಶುರುವಾಗಬೇಕು. ಹಾಗಾಗಿ ಆ ಖಾಲಿ ಜಾಗಕ್ಕೆ ಬೆಲೆ ಇದೆ. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ‘98’ ತೋರಿಸಿತೆಂದು ಉಸಿರಾಟದ ದೂರನ್ನು ಬದಿಗಿಡಬಾರದು. ಗಾಢ ಬಣ್ಣದ ಚರ್ಮದ ಮೇಲೆ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಹೊಸ ಡೂಲಾಗಳು ಎಡವುವುದು ತಾಯಿಯ ಬದಲು ತಾವೇ ವಾದಕ್ಕಿಳಿದಾಗ. ಡಾಕ್ಟರ್ ಸಿಟ್ಟಾದರೆ ಅದು ಬೀಳುವುದು ತಾಯಿಯ ತಲೆ ಮೇಲೆ. ನಾನು ತಾಯಿಯನ್ನೇ ಕೇಳುತ್ತೇನೆ: ‘ಆಗಲೇ ಹೇಳಿದಿರಲ್ಲ, ಇನ್ನೊಮ್ಮೆ ಹೇಳುತ್ತೀರಾ?’ ಪರೀಕ್ಷೆ ಬೇಡವೆಂದು ಡಾಕ್ಟರ್ ಹೇಳಿದರೆ, ಬೇಡವೆಂದ ಕಾರಣವನ್ನು ಚಾರ್ಟ್‌ನಲ್ಲಿ ಬರೆಯಿರಿ ಎಂದು ಆಕೆಯೇ ಕೇಳಬಹುದು.

ಮನೆಗೆ ಹೋದ ಮೇಲೆ ಅಪಾಯ ಮುಗಿಯುವುದಿಲ್ಲ. ನಮ್ಮಲ್ಲಿ ಬಾಣಂತನಕ್ಕೆ ತವರಿದೆ. ಇಲ್ಲಿ ಎಷ್ಟೋ ಜನ ಕೆಲವೇ ವಾರದಲ್ಲಿ ಕೆಲಸಕ್ಕೆ ಮರಳುತ್ತಾರೆ. ಬಿ.ಪಿ. ತಾಯಿಯೇ ನೋಡಿಕೊಳ್ಳುತ್ತಾರೆ: 5 ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು. ತೋಳಿನ ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಗಂಟೆಗೊಂದು ಪ್ಯಾಡ್ ತೊಯ್ದರೆ, ಮೊಟ್ಟೆ ಗಾತ್ರದ ಗಡ್ಡೆ ಬಿದ್ದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ ತಡಮಾಡದೆ ಡಾಕ್ಟರಿಗೆ ಫೋನ್. ಎದೆನೋವು, ಉಸಿರಾಟದ ತೊಂದರೆಗೆ ನೇರ ಇಲ್ಲಿನ ತುರ್ತು ನಂಬರ್ 911.

ಫ್ರಿಡ್ಜ್ ಮೇಲೆ ಒಂದು ಚೀಟಿ ಅಂಟಿಸುತ್ತೇನೆ. ಎಮರ್ಜೆನ್ಸಿಯಲ್ಲಿ ಹೆಸರಿಗೂ ಮೊದಲು ಹೇಳಬೇಕಾದ್ದು ಅದರಲ್ಲಿರುತ್ತದೆ: ‘ನನಗೆ ಹೆರಿಗೆಯಾಗಿ ಇಷ್ಟು ವಾರ ಆಯಿತು.’