ಪ್ರಶ್ನಾವಳಿ ಕೊನೆಗೆ ಬರಲಿ: ಸಮಾಜ ಸಂಶೋಧನೆಯನ್ನು ರೂಪಿಸುವುದು ಹೇಗೆ?

ಸ್ನಾತಕೋತ್ತರ ಪದವಿಯ ಪ್ರಬಂಧಕ್ಕೆಂದು ಸಂಶೋಧನೆಗೆ ಇಳಿಯುವವರಲ್ಲಿ ಅನೇಕರು ಮೊದಲು ಪ್ರಶ್ನಾವಳಿ ಬರೆಯಲು ಕೂರುತ್ತಾರೆ. ನಲವತ್ತು ಪ್ರಶ್ನೆಗಳು ಸಿದ್ಧವಾದ ಮೇಲೆ, ಇವುಗಳಿಂದ ತಿಳಿಯಬೇಕಾದದ್ದೇನು ಎಂಬ ಯೋಚನೆ ಶುರುವಾಗುತ್ತದೆ. ಈ ಕ್ರಮ ತಲೆಕೆಳಗಾಗಬೇಕು. 2023ರ ಜೂನ್ 11ರಂದು ಜಾರಿಗೆ ಬಂದು, ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಒದಗಿಸಿದ ‘ಶಕ್ತಿ’ ಯೋಜನೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

‘ಶಕ್ತಿ ಯೋಜನೆಯ ಸಾಮಾಜಿಕ ಪರಿಣಾಮಗಳು: ಒಂದು ಅಧ್ಯಯನ’ ಎಂಬುದು ಶೀರ್ಷಿಕೆಯಾದೀತು, ಪ್ರಶ್ನೆಯಾಗದು. ಯಾರಲ್ಲಿ, ಯಾವ ಬದಲಾವಣೆ, ಯಾವ ಅವಧಿಯಲ್ಲಿ, ಯಾವುದಕ್ಕೆ ಹೋಲಿಸಿ ಎಂಬ ನಾಲ್ಕೂ ಪ್ರಶ್ನೆಯಲ್ಲಿರಬೇಕು. ‘ಬಸ್ ಬಾರದ ಹಳ್ಳಿಗಳಿಗೆ ಹೋಲಿಸಿದರೆ, ಬಸ್ ಬರುವ ಹಳ್ಳಿಗಳ 18ರಿಂದ 55 ವರ್ಷದ ಮಹಿಳೆಯರು ಊರಾಚೆ ಕೂಲಿಗೆ ಹೋಗುವ ದಿನಗಳು ಯೋಜನೆಯ ನಂತರ ಹೆಚ್ಚಿದವೇ?’ ಎಂದಾಗ ಅಳೆಯಬಹುದಾದ, ‘ಇಲ್ಲ’ ಎಂಬ ಉತ್ತರಕ್ಕೂ ಅವಕಾಶವಿರುವ ಪ್ರಶ್ನೆ ಸಿಗುತ್ತದೆ.

ಅಧ್ಯಯನದ ಜೀವಾಳ ಇರುವುದು ಆ ಹೋಲಿಕೆಯಲ್ಲಿ. ಕೂಲಿ ದಿನಗಳು ಮೊದಲೆಷ್ಟಿದ್ದವು, ಈಗೆಷ್ಟಿವೆ ಎಂದಷ್ಟೇ ನೋಡಿದರೆ ಸಾಲದು. ಏಕೆಂದರೆ 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು, ಆಗಸ್ಟ್ ಕೊನೆಗೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ‘ಗೃಹಲಕ್ಷ್ಮಿ’ಯೂ ಬಂತು. ಕೂಲಿ ಹೆಚ್ಚಿದರೆ ಬಸ್ಸಿನಿಂದಲೋ ಬರದಿಂದಲೋ? ಒಂದೇ ತಾಲ್ಲೂಕಿನ ಎರಡು ಬಗೆಯ ಹಳ್ಳಿಗಳನ್ನು ಆರಿಸಿಕೊಂಡರೆ ಬರವೂ ಗೃಹಲಕ್ಷ್ಮಿಯೂ ಎರಡೂ ಕಡೆ ಇರುತ್ತವೆ. ಆದರೆ ಬಸ್ ಬರುವ ಊರು ಮೊದಲಿನಿಂದಲೂ ಪೇಟೆಗೆ ಹತ್ತಿರವಿದ್ದೀತು. ಆದ್ದರಿಂದ ಎರಡೂ ಕಡೆ ಮೊದಲಿಗೂ ಈಗಿಗೂ ಆದ ಬದಲಾವಣೆಯನ್ನು ಲೆಕ್ಕ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯಬೇಕು. ಬಸ್ ಇಲ್ಲದ ಊರಿನವರು ಮುಖ್ಯರಸ್ತೆಯವರೆಗೆ ನಡೆದು ಬಂದು ಬಸ್ ಹತ್ತುವುದುಂಟು. ಹಾಗಾಗಿ ನಿಲ್ದಾಣಕ್ಕಿರುವ ದೂರವನ್ನೂ ಬರೆದುಕೊಳ್ಳುವುದು ಒಳ್ಳೆಯದು.

ಈಗ ಶುರುಮಾಡುವವರಿಗೆ ‘ಮೊದಲಿನ’ ಲೆಕ್ಕ ಕೈತಪ್ಪಿಹೋಗಿದೆ. ‘ಎರಡು ಮೂರು ವರ್ಷದ ಹಿಂದೆ’ ಎಂದು ಕೇಳಿದರೆ ಯಾರಿಗೂ ನೆನಪಾಗದು. ‘ವಿಧಾನಸಭೆ ಚುನಾವಣೆಗೆ ಓಟು ಹಾಕಿದಿರಲ್ಲ, ಆ ತಿಂಗಳು’ ಎಂದರೆ, ಮತದಾನ 2023ರ ಮೇ 10ರಂದು ನಡೆದಿದ್ದರಿಂದ, ನೆನಪಿಗೊಂದು ಗೂಟ ಸಿಗುತ್ತದೆ. ಆದರೂ ಅದು ನೆನಪೇ, ದಾಖಲೆಯಲ್ಲ.

ಇನ್ನು ಮಾದರಿಯ ಆಯ್ಕೆ, ಅಂದರೆ ಎಲ್ಲರ ಪರವಾಗಿ ಯಾರನ್ನು ಕೇಳಬೇಕೆಂಬುದು. ಬಸ್ ನಿಲ್ದಾಣದಲ್ಲಿ ನಿಂತು ಸಿಕ್ಕವರನ್ನು ಕೇಳುವುದು ಸುಲಭ; ಆದರೆ ಅಲ್ಲಿ ಸಿಗುವವರು ಪ್ರಯಾಣ ಮಾಡುವವರು ಮಾತ್ರ, ಮನೆಯಲ್ಲೇ ಉಳಿದವರು ಲೆಕ್ಕಕ್ಕೇ ಬರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಹೊಸದಾಗಿ ಬಂದ ಸೊಸೆಯ ಹೆಸರು ಇಲ್ಲದಿರಬಹುದು. ಮನೆಗಳನ್ನು ನೀವೇ ಎಣಿಸಿ. 240 ಮನೆಗಳಲ್ಲಿ 20 ಬೇಕಿದ್ದರೆ, 1ರಿಂದ 12ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ, ಅಲ್ಲಿಂದ ಪ್ರತಿ ಹನ್ನೆರಡನೆಯ ಮನೆಗೆ ಹೋಗಿ. ಬೀಗ ಹಾಕಿದ ಮನೆಗೆ ಸಂಜೆ ಮತ್ತೊಮ್ಮೆ ಹೋಗಬೇಕು, ಏಕೆಂದರೆ ಆ ಮನೆಯವರೇ ಕೂಲಿಗೆ ಹೋಗಿರುವ ಸಾಧ್ಯತೆ ಹೆಚ್ಚು.

ಒಂದು ಪ್ರಮಾಣವನ್ನು (ನೂರರಲ್ಲಿ ಎಷ್ಟು ಮಂದಿ ಕೂಲಿಗೆ ಹೋಗುತ್ತಾರೆ ಎಂಬಂಥದ್ದು) ಶೇ 95ರ ವಿಶ್ವಾಸಮಟ್ಟದಲ್ಲಿ, ಅಂದರೆ ನೂರು ಸಲ ಮಾದರಿ ಆರಿಸಿದರೆ ಸುಮಾರು 95 ಸಲ ಸರಿಹೋಗುವಂತೆ, ಶೇ 5ರ ಏರುಪೇರಿನೊಳಗೆ ಅಂದಾಜಿಸಲು 385 ಜನ ಸಾಕೆಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅದು ಬಿಡಿಬಿಡಿಯಾಗಿ ಆರಿಸಿದವರಿಗೆ ಮಾತ್ರ. ಒಂದೇ ಊರಿನವರ ಉತ್ತರಗಳು ಪರಸ್ಪರ ಹೋಲುವುದರಿಂದ, ಆ ಹೋಲಿಕೆಯ ಗುಣಾಂಕ (ಹೋಲಿಕೆಯೇ ಇಲ್ಲದಿದ್ದರೆ 0, ಎಲ್ಲರದೂ ಒಂದೇ ಉತ್ತರವಾದರೆ 1) 0.05 ಎಂದುಕೊಂಡರೂ, ಊರಿಗೆ 20 ಮಂದಿಯಾದರೆ 1 + (19 × 0.05), ಅಂದರೆ 1.95 ಪಟ್ಟು, ಅಂದರೆ ಸುಮಾರು 750 ಜನ ಬೇಕು. ಎರಡೂ ಗುಂಪುಗಳಲ್ಲಿ ಇದೇ ನಿಖರತೆ ಬೇಕೆಂದರೆ ಇದರ ಇಮ್ಮಡಿ. ಒಬ್ಬರೇ ಓಡಾಡುವ ವಿದ್ಯಾರ್ಥಿ ಶೇ 10ರ ಏರುಪೇರನ್ನು ಒಪ್ಪಿಕೊಂಡು, ಅದನ್ನು ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆಯುವುದು ಮೇಲು.

ಕೊನೆಗೆ ಪ್ರಶ್ನಾವಳಿ. ‘ನೀವು ಉದ್ಯೋಗದಲ್ಲಿದ್ದೀರಾ?’ ಎಂದು ಕೇಳಿ ನೋಡಿ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು, ಮೊರದ ತುಂಬ ಬೀಡಿ ಕಟ್ಟುತ್ತಾ ಕೂತಿರುವಾಕೆಯೂ ‘ಇಲ್ಲಪ್ಪ, ಮನೇಲೇ ಇರ್ತೀನಿ’ ಎಂದುಬಿಡುತ್ತಾರೆ. ‘ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಊರಾಚೆ ಕೂಲಿಗೆ ಹೋದಿರಿ? ಹೇಗೆ ಹೋದಿರಿ?’ ಎಂದು ಬಿಡಿಸಿ ಕೇಳಬೇಕು. ಅತ್ತೆಯೋ ಗಂಡನೋ ಪಕ್ಕದಲ್ಲಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ. ಒಪ್ಪಿಗೆ ಪಡೆಯುವಾಗ, ಉತ್ತರ ಹೇಗೇ ಇರಲಿ ಉಚಿತ ಪ್ರಯಾಣಕ್ಕೆ ತೊಂದರೆಯಿಲ್ಲ ಎಂಬುದನ್ನು ತಿಳಿಸಲೇಬೇಕು. ಮಾದರಿಯಲ್ಲಿಲ್ಲದ ಒಂದು ಊರಿನಲ್ಲಿ ಹದಿನೈದು ಮಂದಿಯ ಬಳಿ ಮೊದಲು ಪರೀಕ್ಷಿಸಿ.

ಹೊರಡುವ ಮುನ್ನ, ಪ್ರಬಂಧದಲ್ಲಿ ಬರಬೇಕಾದ ಕೋಷ್ಟಕಗಳನ್ನು ಅಂಕಿಗಳಿಲ್ಲದೆ ಖಾಲಿಯಾಗಿ ಗೆರೆ ಎಳೆದು, ದಿನಾಂಕ ಹಾಕಿ ಮಾರ್ಗದರ್ಶಕರಿಗೆ ಒಪ್ಪಿಸಿ. ಯಾವ ಕೋಷ್ಟಕಕ್ಕೂ ಸೇರದ ಪ್ರಶ್ನೆಯನ್ನು ಹೊಡೆದುಹಾಕಿ. ಉತ್ತರ ಹೇಳುವಾಕೆಯ ಒಲೆಯ ಮೇಲೆ ಅನ್ನ ಬೇಯುತ್ತಿರುತ್ತದೆ.